ನಿಂತುಹೋದ ದಾವಣಗೆರೆಯ ದಿನಪತ್ರಿಕೆಯೊಂದರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ದೇವರಾಜ ಅರಸು ಬಡಾವಣೆಯ ಓದುಗಿ

ನನ್ನ ದೊಡ್ಡಪ್ಪ ದಾವಣಗೆರೆಯಲ್ಲಿ ಒಂದು ಕನ್ನಡ ಪತ್ರಿಕೆ ನಡೆಸುತ್ತಿದ್ದರು. 1970ರ ದಶಕದಲ್ಲಿ ವಾರಪತ್ರಿಕೆಯಾಗಿ ಆರಂಭವಾಗಿ, ಆಮೇಲೆ ನಾಲ್ಕು ಪುಟಗಳ ದಿನಪತ್ರಿಕೆಯಾಗಿ, ಕೊನೆಗೆ ಸದ್ದಿಲ್ಲದೆ ನಿಂತುಹೋಯಿತು. ಈಗ ಹಳೆಯ ಮನೆಯನ್ನು ಖಾಲಿ ಮಾಡುವಾಗ ತಗಡಿನ ಟ್ರಂಕಿನಲ್ಲಿ ಕೆಲವು ಸಂಚಿಕೆಗಳು, ಒಂದಿಷ್ಟು ರಸೀದಿ ಪುಸ್ತಕಗಳು, ಮರದ ತುಂಡುಗಳಿಗೆ ಹೊಡೆದ ಲೋಹದ ತಗಡುಗಳು ಸಿಕ್ಕಿವೆ. ಪತ್ರಿಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯ ಪಾಲಿನ ವ್ಯಾಜ್ಯ ಇನ್ನೂ ಮುಗಿದಿಲ್ಲ, ಆ ಹೆಸರಿಗೂ ಇಬ್ಬರು ಹಕ್ಕುದಾರರಿದ್ದಾರೆ.

ಅದರ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆಯಬೇಕೆಂಬ ಆಸೆ. ಊರಿನ ಗ್ರಂಥಾಲಯವೊಂದರಲ್ಲಿ ಕೇಳಿದರೆ ಹಳೆಯ ಸ್ಥಳೀಯ ಪತ್ರಿಕೆಗಳನ್ನೆಲ್ಲ ರದ್ದಿಗೆ ಹಾಕಿದ್ದೇವೆ ಎಂದರು. ಪತ್ರಿಕೋದ್ಯಮದ ಇತಿಹಾಸದ ಪುಸ್ತಕಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಇವೆ; ನಮ್ಮೂರು ಎರಡು ಸಾಲಿನಲ್ಲಿ ಮುಗಿಯುತ್ತದೆ. ಸದ್ಯಕ್ಕೆ ಸಿಕ್ಕಿರುವ ಸಂಚಿಕೆಗಳ ಸಂಪಾದಕೀಯಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ಉಳಿದ ಸಂಚಿಕೆಗಳು ಎಲ್ಲಿ ಸಿಗಬಹುದು? ಇಂಥ ಪತ್ರಿಕೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಬಲ್ಲವರು ಯಾರಾದರೂ ಇದ್ದೀರಾ?


ಉತ್ತರ: ಗ್ರಂಥಪಾಲಕ, ಹರಿಹರ

ಮೊದಲು ಕಡತಗಳ ದಾರಿ ಹೇಳುತ್ತೇನೆ. 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆಯ ಪ್ರಕಾರ ಪತ್ರಿಕೆ ಹೊರಡಿಸುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರ ಮುಂದೆ ಘೋಷಣಾ ಪತ್ರಕ್ಕೆ ಸಹಿ ಹಾಕಬೇಕಿತ್ತು. ಮುದ್ರಕರು ಯಾರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಗುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ವಾರಪತ್ರಿಕೆ ದಿನಪತ್ರಿಕೆಯಾದಾಗ ಹೊಸ ಘೋಷಣೆ ಬೇಕು. ಹೀಗಾಗಿ ನಿಮ್ಮ ಪತ್ರಿಕೆಗೆ ಕನಿಷ್ಠ ಎರಡು ಘೋಷಣೆಗಳಿರಬೇಕು.

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕಿಂತ ಹಿಂದಿನ ಕಾಗದಪತ್ರಗಳನ್ನು ದಾವಣಗೆರೆಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ ಇಲ್ಲವೆಂದು ಹಿಂದಿರುಗಬೇಡಿ. ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಯ ದಾಖಲೆ ಕೊಠಡಿಯಲ್ಲಿ ಕೇಳಿ, ದಾವಣಗೆರೆಯ ಉಪವಿಭಾಗಾಧಿಕಾರಿ ಕಚೇರಿಯಲ್ಲೂ ಕೇಳಿ. ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ಪತ್ರಿಕೆಯ ಹೆಸರು ಮತ್ತು ಅಂದಾಜು ವರ್ಷ ಎರಡನ್ನೂ ಬರೆಯಿರಿ.

ಎರಡನೆಯದು, ಭಾರತದ ಪತ್ರಿಕೆಗಳ ರಿಜಿಸ್ಟ್ರಾರರ ಕಚೇರಿ 1956ರಲ್ಲಿ ಆರಂಭವಾಯಿತು. ಅವರ ಹಳೆಯ ವಾರ್ಷಿಕ ವರದಿಗಳಲ್ಲಿ ನೋಂದಾಯಿತ ಪತ್ರಿಕೆಗಳ ಪಟ್ಟಿ ಸಿಗುತ್ತದೆ. (2023ರಲ್ಲಿ ಹೊಸ ಕಾಯ್ದೆ ಬಂದು ಹಳೆಯ 1867ರ ಕಾಯ್ದೆ ರದ್ದಾಗಿದೆ, ಕಚೇರಿಯ ಹೆಸರೂ ಬದಲಾಗಿದೆ. ಹುಡುಕುವಾಗ ಎರಡೂ ಹೆಸರು ಪ್ರಯತ್ನಿಸಿ.) ಪ್ರತಿ ಸಂಚಿಕೆಯ ಒಂದೊಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮೆರಾ, ಮುಂಬೈ ಮತ್ತು ದೆಹಲಿಯ ಗ್ರಂಥಾಲಯಗಳಿಗೆ ಕಳಿಸಬೇಕೆಂಬ ಕಾನೂನೂ 1956ರಿಂದ ಪತ್ರಿಕೆಗಳಿಗೆ ಅನ್ವಯಿಸುತ್ತದೆ. ಕಾನೂನು ಇತ್ತು ಎಂದ ಮಾತ್ರಕ್ಕೆ ಎಲ್ಲರೂ ಕಳಿಸಿದರು ಎಂದಲ್ಲ. ಆದರೂ ಒಂದು ಪತ್ರ ಬರೆದು ನೋಡಿ.

ಟ್ರಂಕಿನ ಸಂಚಿಕೆಗಳಿಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಮಡಿಕೆ ಬಿಚ್ಚಿ ಚಪ್ಪಟೆಯಾಗಿಟ್ಟು, ನೆರಳಿನ ಬೆಳಕಿನಲ್ಲಿ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ.


ಉತ್ತರ: ಹಳೆಯ ಕಂಪೋಸಿಟರ್, ಚೌಕಿಪೇಟೆ

ತಂಗಿ, ಸಂಪಾದಕೀಯಗಳ ಟಿಪ್ಪಣಿಯನ್ನು ಸದ್ಯ ಪಕ್ಕಕ್ಕಿಡಿ. ಈ ಊರಿನ ಎರಡು ಮೂರು ಮುದ್ರಣಾಲಯಗಳಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸಿದವನು ನಾನು. ಸಂಪಾದಕೀಯ ಹೇಗೆ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಎರಡನೇ ಪುಟದಲ್ಲಿ ಆರು ಇಂಚು ಖಾಲಿ ಇದೆ ಎಂದು ಫೋರ್‌ಮನ್ ಹೇಳಿದರೆ ಸಂಪಾದಕರು ಆರು ಇಂಚು ಬರೆಯುತ್ತಿದ್ದರು. ಅಷ್ಟರಲ್ಲಿ ಬಟ್ಟೆ ಅಂಗಡಿಯ ಜಾಹೀರಾತು ಬಂದರೆ ದೇಶದ ಭವಿಷ್ಯ ನಾಳೆಗೆ ಹೋಗುತ್ತಿತ್ತು.

ಇನ್ನೊಂದು ಮಾತು. ಊರ ಪತ್ರಿಕೆಯ ಚರಿತ್ರೆ ಬರೆಯುವವರೆಲ್ಲ ಕನ್ನಡದ ಮೊದಲ ಪತ್ರಿಕೆಯಾದ 1843ರ ಮಂಗಳೂರ ಸಮಾಚಾರದಿಂದ, ಅದರ ಸಂಪಾದಕ ಹರ್ಮನ್ ಮೊಗ್ಲಿಂಗರಿಂದ ಆರಂಭಿಸುತ್ತಾರೆ. ಅಷ್ಟು ದೂರದಿಂದ ನಡೆದು ಬಂದರೆ ದಾವಣಗೆರೆ ತಲುಪುವ ಹೊತ್ತಿಗೆ ನಿಮ್ಮ ಪುಸ್ತಕ ಮುಗಿದಿರುತ್ತದೆ. ಹಿನ್ನೆಲೆ ಬೇಕೇ ಬೇಕು ಎಂದರೆ ಒಂದೇ ಒಂದು ಸಂಗತಿ ಸಾಕು. ಹರಿಹರದಲ್ಲಿ ಹೊಳೆ ದಾಟಿದರೆ ಆಗ ಮುಂಬೈ ಪ್ರಾಂತ್ಯ, ಈಚೆ ಮೈಸೂರು ಸಂಸ್ಥಾನ. ಮೈಸೂರಿನಲ್ಲಿ 1908ರಿಂದ ಪತ್ರಿಕೆಗಳ ಮೇಲೆ ಬಿಗಿ ಕಾನೂನು ಇತ್ತು. ನಮ್ಮೂರು ಗಡಿಯ ಪೇಟೆ. ಹತ್ತಿ, ಕಾಳು ವ್ಯಾಪಾರದವರು ಎರಡೂ ಕಡೆಯ ಪತ್ರಿಕೆ ಓದುತ್ತಿದ್ದರು. ರೈಲಿನಲ್ಲಿ ಹುಬ್ಬಳ್ಳಿಯಿಂದ ಸಂಯುಕ್ತ ಕರ್ನಾಟಕ ಬರುತ್ತಿತ್ತು, ಬೆಂಗಳೂರಿನಿಂದ ತಾಯಿನಾಡು, 1948ರ ನಂತರ ಪ್ರಜಾವಾಣಿ. ಹೊರಗಿನ ಪತ್ರಿಕೆಗಳು ಇಷ್ಟು ಸುಲಭವಾಗಿ ಸಿಗುವ ಊರಿನಲ್ಲಿ ತನ್ನದೇ ದಿನಪತ್ರಿಕೆ ಯಾಕೆ ಬೇಕಾಯಿತು ಎಂಬುದು ನಿಮ್ಮ ಮೊದಲ ಅಧ್ಯಾಯದ ಪ್ರಶ್ನೆಯಾಗಲಿ.

ಈಗ ಟ್ರಂಕಿಗೆ ಬನ್ನಿ. ಪ್ರತಿ ಸಂಚಿಕೆಯ ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ: ಮುದ್ರಕರು, ಪ್ರಕಾಶಕರು, ಸಂಪಾದಕರು, ಇಂಥ ಮುದ್ರಣಾಲಯ, ಇಂಥ ರಸ್ತೆ. ಅದು ಕಾನೂನಿನ ಸಾಲು, ಸುಮ್ಮನೆ ಹಾಕುವುದಲ್ಲ. ಎಲ್ಲ ಸಂಚಿಕೆಗಳಿಂದ ಆ ಒಂದು ಸಾಲನ್ನು ತಾರೀಖಿನ ಸಮೇತ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಮುದ್ರಣಾಲಯ ಬದಲಾಗಿದ್ದರೆ ಹಿಂದಿನವರಿಗೆ ಬಾಕಿ ಉಳಿದಿರುತ್ತದೆ, ಅಥವಾ ಸ್ವಂತ ಯಂತ್ರ ಬಂದಿರುತ್ತದೆ. ಪ್ರಕಾಶಕರ ಹೆಸರು ಬದಲಾಗಿದ್ದರೆ ಪಾಲುದಾರಿಕೆ ಮುರಿದಿರುತ್ತದೆ. ಸಂಪಾದಕರ ಜಾಗದಲ್ಲಿ ಇದ್ದಕ್ಕಿದ್ದಂತೆ ಹೆಂಡತಿಯ ಅಥವಾ ಭಾವಮೈದುನನ ಹೆಸರು ಬಂದಿದ್ದರೆ ಅದರ ಹಿಂದೆ ಒಂದು ಮೊಕದ್ದಮೆಯೋ ಚುನಾವಣೆಯೋ ಇರುತ್ತದೆ.

ಮಾರ್ಚ್ ತಿಂಗಳ ಮೊದಲ ಸಂಚಿಕೆ ಸಿಕ್ಕರೆ ಅದನ್ನು ಬೇರೆ ಇಡಿ. ಫೆಬ್ರವರಿ ಮುಗಿದ ಮೇಲೆ ಬರುವ ಮೊದಲ ಸಂಚಿಕೆಯಲ್ಲಿ 'ನಮೂನೆ 4' ಎಂಬ ಹೇಳಿಕೆ ಹಾಕಲೇಬೇಕಿತ್ತು. ಮಾಲೀಕರು ಯಾರು, ಶೇಕಡಾ ಒಂದಕ್ಕಿಂತ ಹೆಚ್ಚು ಬಂಡವಾಳ ಹಾಕಿದವರು ಯಾರು ಎಂಬುದು ಹೆಸರು, ವಿಳಾಸ ಸಮೇತ ಅದರಲ್ಲಿರುತ್ತದೆ. ಊರಿನಲ್ಲಿ ಪಿಸುಮಾತಿನಲ್ಲಿ ಓಡಾಡುತ್ತಿದ್ದ ಸಂಗತಿಯನ್ನು ವರ್ಷಕ್ಕೊಮ್ಮೆ ನಾವೇ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದೆವು, ಓದುವವರು ಮಾತ್ರ ಯಾರೂ ಇರಲಿಲ್ಲ. ನಿಮ್ಮ ಮನೆಯ ವ್ಯಾಜ್ಯಕ್ಕೂ ಅದು ಬೇಕಾದೀತು. ಪುಸ್ತಕಕ್ಕೆ ಹಾಕುವ ಮೊದಲು ವಕೀಲರಿಗೆ ತೋರಿಸಿ.

ರಸೀದಿ ಪುಸ್ತಕಗಳನ್ನು ಎಸೆದಿಲ್ಲ ತಾನೆ? ಇಂಥ ಪತ್ರಿಕೆಯನ್ನು ಸಾಕಿದ್ದು ಚಂದಾದಾರರಲ್ಲ, ಲಗ್ನಪತ್ರಿಕೆ. ಹಗಲೆಲ್ಲ ಟ್ರೆಡಲ್ ಎಂಬ ಸಣ್ಣ ಅಚ್ಚಿನ ಯಂತ್ರದಲ್ಲಿ ಲಗ್ನಪತ್ರಿಕೆ, ಬಿಲ್ ಪುಸ್ತಕ, ಗೃಹಪ್ರವೇಶದ ಕಾರ್ಡು, ನಾಟಕದ ಹಸ್ತಪತ್ರಿಕೆ. ಸಂಜೆಯ ನಂತರ ಪತ್ರಿಕೆ. ದಾವಣಗೆರೆ ಗಿರಣಿಗಳ ಊರು. ಗಿರಣಿ ಕಚೇರಿಯ ನಮೂನೆಗಳೂ ಕಾರ್ಮಿಕ ಸಂಘದ ಕರಪತ್ರಗಳೂ ಒಂದೇ ಯಂತ್ರದಲ್ಲಿ, ಕೆಲವೊಮ್ಮೆ ಒಂದೇ ದಿನ, ಅಚ್ಚಾಗುತ್ತಿದ್ದವು. ನಾವು ಎರಡನ್ನೂ ಓದಿಯೇ ಜೋಡಿಸುತ್ತಿದ್ದೆವು. ಮದುವೆಯ ತಿಂಗಳುಗಳಲ್ಲಿ ಪತ್ರಿಕೆ ತಡವಾಗುತ್ತಿತ್ತು, ಆಷಾಢದಲ್ಲಿ ಸಂಬಳ ತಡವಾಗುತ್ತಿತ್ತು. ಆ ರಸೀದಿಗಳನ್ನು ತಿಂಗಳವಾರು ಕೂಡಿಸಿದರೆ ಪತ್ರಿಕೆ ಯಾರ ಹಣದಿಂದ ಉಸಿರಾಡಿತು ಎಂಬುದು ನಿಮಗೇ ಗೊತ್ತಾಗುತ್ತದೆ. ಸಂಪಾದಕೀಯ ಅದನ್ನು ಹೇಳುವುದಿಲ್ಲ.

ಪತ್ರಿಕೆ ಹೇಗೆ ನಡೆಯುತ್ತಿತ್ತು ಎಂದು ಕೇಳಿದ್ದೀರಿ. ಸುದ್ದಿ ಬರುತ್ತಿದ್ದದ್ದು ಹೀಗೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿಯ ವರದಿಗಾರರು ಲಕೋಟೆಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಮ್ಮ ಹುಡುಗ ಬಸ್ ನಿಲ್ದಾಣದಲ್ಲಿ ಕಾದು ತರುತ್ತಿದ್ದ. ಗಮನಿಸಿ, ಆಗ ಜಗಳೂರು ಚಿತ್ರದುರ್ಗ ಜಿಲ್ಲೆ, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗ ಜಿಲ್ಲೆ, ಹರಪನಹಳ್ಳಿ ಬಳ್ಳಾರಿ ಜಿಲ್ಲೆ. 1997ರಲ್ಲಿ ಸರ್ಕಾರ ಇವನ್ನೆಲ್ಲ ಸೇರಿಸಿ ದಾವಣಗೆರೆ ಜಿಲ್ಲೆ ಮಾಡಿತು. ಊರಿನ ಪತ್ರಿಕೆಗಳ ಬಂಡಲುಗಳು ಅದೇ ಊರುಗಳಿಗೆ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಹೋಗುತ್ತಿದ್ದವು. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇದು ನನ್ನ ಅಭಿಪ್ರಾಯ, ಒಪ್ಪದವರು ವಾದಿಸಬಹುದು: ಜಿಲ್ಲೆಯ ನಕ್ಷೆಯನ್ನು ಮೊದಲು ಬರೆದದ್ದು ಬಸ್ಸಿನ ಮಾರ್ಗ ಮತ್ತು ಪತ್ರಿಕೆಯ ಬಂಡಲು.

ರಾಜ್ಯ, ದೇಶದ ಸುದ್ದಿ ಆಕಾಶವಾಣಿಯದು. ಸಂಪಾದಕರು ರೇಡಿಯೊ ಪಕ್ಕ ಕೂತು ಬರೆದುಕೊಳ್ಳುತ್ತಿದ್ದರು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಉಳಿದ ಸಂಚಿಕೆಗಳಿಗೆ ಒಂದು ಜಾಗ ಹೇಳುತ್ತೇನೆ, ಹರಿಹರದ ಸರ್ ಅದನ್ನು ಬಿಟ್ಟಿದ್ದಾರೆ: ನ್ಯಾಯಾಲಯ. ಪ್ರತಿವಾದಿಗೆ ಸಮನ್ಸ್ ಜಾರಿಯಾಗದಿದ್ದಾಗ ಪತ್ರಿಕೆಯಲ್ಲಿ ಪ್ರಕಟಿಸಲು ನ್ಯಾಯಾಲಯ ಆದೇಶಿಸುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 1976ರ ತಿದ್ದುಪಡಿಯ ನಂತರ, ಆ ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲೇ ಅದು ಬರಬೇಕು. ದಿನಪತ್ರಿಕೆ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ವಾರಪತ್ರಿಕೆ ನಡೆಸುತ್ತಿದ್ದವರು ಸಾಲ ಮಾಡಿಯಾದರೂ ದಿನಪತ್ರಿಕೆ ಮಾಡಲು ಒದ್ದಾಡಿದ್ದಕ್ಕೆ ಜನಸೇವೆಯ ಜೊತೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಪ್ರಕಟಣೆಯಾದ ಮೇಲೆ ವಕೀಲರು ಆ ಸಂಚಿಕೆಯನ್ನು ಕಡತಕ್ಕೆ ಸೇರಿಸುತ್ತಿದ್ದರು. ಹಳೆಯ ವಕೀಲರ ಕಚೇರಿಗಳ ಅಟ್ಟದಲ್ಲಿ ದಾರ ಕಟ್ಟಿದ ಕಡತಗಳಲ್ಲಿ ನಿಮ್ಮ ದೊಡ್ಡಪ್ಪನವರ ಪತ್ರಿಕೆ ಇನ್ನೂ ಮಡಿಕೆಯಾಗಿ ಕೂತಿರುತ್ತದೆ. ಓದುಗರ ಮನೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಮಂಡಕ್ಕಿ, ಮಿರ್ಚಿ ಇಷ್ಟು ತಿನ್ನುವ ಊರಿನಲ್ಲಿ ಹಳೆಯ ಪತ್ರಿಕೆ ಎಷ್ಟು ದಿನ ಉಳಿದೀತು?


ಉತ್ತರ: ಮಂಡಿಪೇಟೆಯ ವರ್ತಕ

ಮೇಲಿನವರು ಬಹಳ ಚೆನ್ನಾಗಿ ಬರೆದಿದ್ದಾರೆ, ಆದರೆ ಎದುರಿನ ಪುಟವನ್ನೂ ಯಾರಾದರೂ ಹೇಳಬೇಕು. ನಮ್ಮ ತಂದೆಯ ಕಾಲದಿಂದ ಇಲ್ಲಿ ಅಂಗಡಿ ಇದೆ. ಆಯುಧಪೂಜೆ, ದೀಪಾವಳಿ, ಸ್ವಾತಂತ್ರ್ಯ ದಿನ, ರಾಜ್ಯೋತ್ಸವ ಬಂತೆಂದರೆ 'ಶುಭ ಕೋರುವವರು' ಎಂಬ ಜಾಹೀರಾತಿಗೆ ಸಾಲುಸಾಲಾಗಿ ಬರುತ್ತಿದ್ದರು. ಕೊಡದಿದ್ದರೆ ಮುಂದಿನ ವಾರ ತೂಕದಲ್ಲಿ ಮೋಸ ಎಂಬ ಸುದ್ದಿ. ಯಾವ ಅಂಗಡಿ ಎಂದು ಹೆಸರಿಲ್ಲ, ಆದರೆ ಯಾರ ಎದುರಿನ ಅಂಗಡಿ ಎಂದು ಇರುತ್ತಿತ್ತು. ಐನೂರು ಪ್ರತಿ ಅಚ್ಚು ಹಾಕಿ ಐದು ಸಾವಿರ ಎಂದು ಬರೆದುಕೊಂಡವರನ್ನೂ ಬಲ್ಲೆ. ಎಲ್ಲರೂ ಹಾಗೆ ಎಂದು ಹೇಳುತ್ತಿಲ್ಲ. ಜನತಾವಾಣಿಯಂಥ ಪತ್ರಿಕೆಗೆ ಊರಿನಲ್ಲಿ ಬೇರೆಯೇ ಮರ್ಯಾದೆ ಇತ್ತು, ಷಡಾಕ್ಷರಪ್ಪನವರು ಅದನ್ನು ಕಟ್ಟಿದ ರೀತಿಯೇ ಬೇರೆ. ಆದರೆ ನಿಂತುಹೋದ ಎಲ್ಲ ಪತ್ರಿಕೆಗಳಿಗೂ ಹಾರ ಹಾಕುವ ಪುಸ್ತಕವಾದರೆ ನಾನು ಕೊಳ್ಳುವುದಿಲ್ಲ.


ಉತ್ತರ: ಹಳೆಯ ಕಂಪೋಸಿಟರ್, ಚೌಕಿಪೇಟೆ

ವರ್ತಕರೇ, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಇನ್ನೂ ಒಂದನ್ನು ನಾನೇ ಸೇರಿಸುತ್ತೇನೆ. ಆಗ ಸುದ್ದಿ ಕಾಗದಕ್ಕೆ ಸರ್ಕಾರದ ಕೋಟಾ ಇತ್ತು. ಪ್ರಸಾರ ಹೆಚ್ಚು ತೋರಿಸಿದಷ್ಟು ಕಾಗದ ಹೆಚ್ಚು. ಅಚ್ಚಾಗದೆ ಉಳಿದ ಕಾಗದ ಯಾವ ದಾರಿ ಹಿಡಿಯುತ್ತಿತ್ತು ಎಂಬುದು ಪೇಟೆಯವರಾದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಕೊಂಡವರೂ ಪೇಟೆಯವರೇ. ಸರ್ಕಾರಿ ಜಾಹೀರಾತಿನ ಮಾಧ್ಯಮ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲು ಬೆರಳೆಣಿಕೆಯ ಪ್ರತಿ ಅಚ್ಚು ಹಾಕಿ ಕಚೇರಿಗಳಿಗೆ ಮಾತ್ರ ಹಂಚಿದವರೂ ಇದ್ದರು. ಕಾಯ್ದೆಯೂ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಮೂರು ತಿಂಗಳಲ್ಲಿ ಬರಬೇಕಾದ ಸಂಚಿಕೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ಘೋಷಣೆ ರದ್ದು ಎಂದಿತ್ತೇ ಹೊರತು ಎಷ್ಟು ಪ್ರತಿ ಎಂದು ಕೇಳುತ್ತಿರಲಿಲ್ಲ. ತಂಗಿ, ಇದನ್ನೆಲ್ಲ ಬರೆಯಿರಿ. ದೊಡ್ಡಪ್ಪನವರಿಗೆ ಅವಮಾನವಾಗುತ್ತದೆ ಎಂದುಕೊಳ್ಳಬೇಡಿ. ಅವರ ರಸೀದಿಗಳು ಏನು ಹೇಳುತ್ತವೆಯೋ ಅದನ್ನು ಬರೆಯಿರಿ.

ಆದರೆ ವರ್ತಕರೇ, ಒಂದು ಕೇಳುತ್ತೇನೆ. ಆ ಪತ್ರಿಕೆಗಳನ್ನು ನೀವು ಅಷ್ಟು ಬೈದುಕೊಂಡೂ ಬೆಳಿಗ್ಗೆ ತೆರೆಯುತ್ತಿದ್ದಿರಲ್ಲ, ಯಾವ ಪುಟ ಮೊದಲು? ಮಾರುಕಟ್ಟೆ ಧಾರಣೆ. ಹತ್ತಿ, ಭತ್ತ, ಮೆಕ್ಕೆಜೋಳ, ಶೇಂಗಾ. ಅದರ ಚೌಕಟ್ಟನ್ನು ನಾವು ಕಟ್ಟಿಯೇ ಇಟ್ಟಿರುತ್ತಿದ್ದೆವು, ದಿನವೂ ಅಂಕಿಗಳನ್ನು ಮಾತ್ರ ಕಿತ್ತು ಬೇರೆ ಕೂರಿಸುತ್ತಿದ್ದೆವು. ಹುಬ್ಬಳ್ಳಿ, ಬೆಂಗಳೂರಿನ ಪತ್ರಿಕೆಗಳು ನಮ್ಮ ಪ್ರಾಂಗಣದ ಧಾರಣೆಯನ್ನು ಅಷ್ಟು ವಿವರವಾಗಿ ಹಾಕುತ್ತಿರಲಿಲ್ಲ. ಭದ್ರಾ ನಾಲೆಯ ನೀರು ಯಾವಾಗ ಬಿಡುತ್ತಾರೆ, ನಲ್ಲಿ ನೀರು ಯಾವ ಬಡಾವಣೆಗೆ ಯಾವ ದಿನ, ದುಗ್ಗಮ್ಮನ ಜಾತ್ರೆಯ ವಿವರ, ಅಶೋಕ ಟಾಕೀಸಿನಲ್ಲಿ ಯಾವ ಚಿತ್ರ, ಯಾರು ತೀರಿಕೊಂಡರು, ಅಂತ್ಯಕ್ರಿಯೆ ಎಷ್ಟು ಗಂಟೆಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬರೀ ನೋಂದಣಿ ಸಂಖ್ಯೆಗಳು, ಸಾಲು ಸಾಲು. ಅಂಕಿಗಳ ಮೊಳೆ ಸಾಲದೆ ಪಕ್ಕದ ಮುದ್ರಣಾಲಯದಿಂದ ಡಬ್ಬಿಯಲ್ಲಿ ಕಡ ತರುತ್ತಿದ್ದೆವು. ಅಂದು ಮಾತ್ರ ಪ್ರಸಾರದ ಸಂಖ್ಯೆಯಲ್ಲಿ ಸುಳ್ಳು ಇರುತ್ತಿರಲಿಲ್ಲ.

ಮೊಳೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕನ್ನಡ ಜೋಡಿಸುವುದು ಇಂಗ್ಲಿಷ್ ಜೋಡಿಸಿದಷ್ಟು ಸುಲಭವಲ್ಲ. ಕಾಗುಣಿತ ಬೇರೆ, ಒತ್ತಕ್ಷರ ಬೇರೆ. ಮೊಳೆ ಇಡುವ ಕೇಸಿನ ಮನೆಗಳು ಎದೆಯ ಎದುರಿನಿಂದ ತಲೆಯ ಮೇಲಿನವರೆಗೆ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಇಲ್ಲಿಯ ಶಾಸಕರಾಗಿದ್ದ ಕಾಲದಲ್ಲಿ ಚುನಾವಣೆ ಬಂತೆಂದರೆ ಪಕಾರದ ಮನೆಗಳು ಬರಿದು. ಪಂಪಾಪತಿ, ಪಕ್ಷ, ಪೊಲೀಸ್, ಪುರಸಭೆ, ಪ್ರಚಾರ. ಸಂಪಾದಕರಿಗೆ ಹೋಗಿ, ಸ್ವಾಮಿ, ಈ ಸುದ್ದಿಯಲ್ಲಿ 'ಪಂಪಾಪತಿಯವರು' ಎಂಬುದನ್ನು ಒಂದೆರಡು ಕಡೆ 'ಶಾಸಕರು' ಎಂದು ಮಾಡಿ ಎಂದು ಕೇಳಿದ್ದುಂಟು. ಬೇಸಿಗೆಯಲ್ಲಿ ಇನ್ನೊಂದು ಪಾಡು: ಮಸಿ ಹಚ್ಚುವ ರೋಲರುಗಳು ಸರೇಸು ಎಂಬ ಅಂಟು ಮತ್ತು ಬೆಲ್ಲದ ಪಾಕದಿಂದ ಎರಕ ಹೊಯ್ದವು, ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಅಕ್ಷರಕ್ಕೆ ಮಸಿ ಮೆತ್ತುತ್ತಿದ್ದವು. ನಿಮ್ಮ ಟ್ರಂಕಿನ ಬೇಸಿಗೆ ಸಂಚಿಕೆಗಳು ಕಪ್ಪಾಗಿದ್ದರೆ ಕಾರಣ ಇದು, ಕಾಗದದ ದೋಷವಲ್ಲ.

ಪತ್ರಿಕೆ ಯಾಕೆ ನಿಂತಿತು ಎಂದು ನೀವು ಕೇಳಿಲ್ಲ, ಆದರೆ ಬರೆಯಲೇಬೇಕಾಗುತ್ತದೆ. ಟಿವಿ ಬಂತು, ಮೊಬೈಲ್ ಬಂತು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲು ಹೋದದ್ದು ಲಗ್ನಪತ್ರಿಕೆ. ಮೊಳೆ ಬೇಡದ ಬಣ್ಣದ ಆಫ್‌ಸೆಟ್ ಮುದ್ರಣ ಬಂದ ಮೇಲೆ ಟ್ರೆಡಲ್‌ನಲ್ಲಿ ಒತ್ತಿದ ಕಾರ್ಡು ಯಾರಿಗೂ ಬೇಡವಾಯಿತು. ಹಗಲಿನ ದುಡಿಮೆ ಹೋದ ಮೇಲೆ ರಾತ್ರಿಯ ಪತ್ರಿಕೆಯನ್ನು ಸಾಕುವವರು ಯಾರು? ಸಾಲ ಮಾಡಿ ಆಫ್‌ಸೆಟ್‌ಗೆ ಹೋದವರು ಉಳಿದರು, ಹೋಗದವರು ಹೋದರು. ಉಳಿದವರಿಗೆ ಎರಡನೇ ಪೆಟ್ಟು 1999ರ ನಂತರ. ವಿಜಯ ಕರ್ನಾಟಕ ಬಂದು ಕನ್ನಡ ಪತ್ರಿಕೆಗಳ ದರ ಸಮರ ಶುರುವಾಯಿತು. ರಾಜ್ಯದ ಪತ್ರಿಕೆಗಳೆಲ್ಲ ಜಿಲ್ಲೆಗೊಂದು ಪುಟ ಕೊಟ್ಟವು, ಊರಿನ ಸುದ್ದಿ ಬಣ್ಣದಲ್ಲಿ, ಅಗ್ಗಕ್ಕೆ. ಟಿವಿಗಿಂತ ಆ ಜಿಲ್ಲಾ ಪುಟ ಹೆಚ್ಚು ಜನರನ್ನು ಮನೆಗೆ ಕಳಿಸಿತು.


ಉತ್ತರ: ಡಿಟಿಪಿ ಕೆಲಸದವನು, ವಿದ್ಯಾನಗರ

ಹಿರಿಯರು 90ರ ದಶಕದವರೆಗೆ ಹೇಳಿದರು, ಅಲ್ಲಿಂದ ಮುಂದಿನದು ನನ್ನ ಪಾಲು. ಟ್ರಂಕಿನಲ್ಲಿ ಫ್ಲಾಪಿ, ಸಿಡಿ ಸಿಕ್ಕರೆ ತಡ ಮಾಡದೆ ನಕಲು ಮಾಡಿಸಿ. ಆ ಕಾಲದ ಪುಟಗಳು ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶದಲ್ಲಿ ಇರುತ್ತವೆ, ಅಕ್ಷರ ಶ್ರೀಲಿಪಿ, ಬರಹ ಅಥವಾ ನುಡಿಯದು. ಯಾವುದೂ ಇಂದು ಎಲ್ಲ ಕಂಪ್ಯೂಟರುಗಳೂ ಓದುವ ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿದೆ ಎಂದು ಅಳಿಸಿಬಿಟ್ಟವರು ನನಗೆ ಗೊತ್ತು. ಪೇಜ್‌ಮೇಕರ್ 6 ಮತ್ತು 7ರ ಕಡತಗಳನ್ನು ಅದರ ನಂತರ ಬಂದ ಇನ್‌ಡಿಸೈನ್ ತಂತ್ರಾಂಶದ ಸಿಎಸ್6 ವರೆಗಿನ ಆವೃತ್ತಿಗಳು ತೆರೆಯುತ್ತವೆ, ಈಚಿನವು ತೆರೆಯುವುದಿಲ್ಲ. ತೆರೆದ ಮೇಲೆ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಅರ್ಕಾವತ್ತು ಮತ್ತು ಒತ್ತಕ್ಷರ ಕೆಲವು ಕಡೆ ಜಾಗ ತಪ್ಪುತ್ತವೆ, ಕರಡು ತಿದ್ದಲೇಬೇಕು.


ಮೂಲ ಪ್ರಶ್ನೆ ಕೇಳಿದವರು: ದೇವರಾಜ ಅರಸು ಬಡಾವಣೆಯ ಓದುಗಿ

ಎಲ್ಲರಿಗೂ ವಂದನೆಗಳು. ವರ್ತಕರ ಮಾತು ಕಹಿಯಾದರೂ ಬೇಕಾಗಿತ್ತು. ರಸೀದಿಗಳನ್ನು ನೋಡಿದೆ. ದೀಪಾವಳಿಯ ತಿಂಗಳಿನ ಪುಸ್ತಕ ಉಳಿದೆಲ್ಲ ತಿಂಗಳುಗಳಿಗಿಂತ ದಪ್ಪವಾಗಿದೆ.

ಕೊನೆಯ ಪುಟದ ಸಾಲನ್ನು ಬರೆದುಕೊಳ್ಳುತ್ತಾ ಹೋದೆ. ವಾರಪತ್ರಿಕೆಯಾಗಿದ್ದಾಗ ಒಂದು ಮುದ್ರಣಾಲಯ, ದಿನಪತ್ರಿಕೆಯಾದ ಮೇಲೆ ಇನ್ನೊಂದು. ಎರಡನೆಯದರ ವಿಳಾಸ ನಮ್ಮ ಹಳೆಯ ಮನೆಯದೇ. ಅದೇ ಹೊತ್ತಿಗೆ ಪುಟದ ಅಳತೆಯೂ ದೊಡ್ಡದಾಗಿದೆ. ಇದಕ್ಕೂ ಯಂತ್ರಕ್ಕೂ ಸಂಬಂಧವಿದೆಯೇ ಸರ್? ಇನ್ನೊಂದು ಅನುಮಾನ: ಒಂದೇ ದಿನದ ಸಂಚಿಕೆಯಲ್ಲಿ ಮೊದಲ ಪುಟದಲ್ಲಿ ಒಬ್ಬರು ತೀರಿಕೊಂಡ ಸುದ್ದಿ ಇದೆ, ಮೂರನೇ ಪುಟದಲ್ಲಿ ಅವರೇ ಆ ಸಂಜೆ ಸಭೆಯೊಂದರ ಅಧ್ಯಕ್ಷತೆ ವಹಿಸಲಿದ್ದಾರೆ ಎಂದಿದೆ. ಅಷ್ಟು ಅಜಾಗರೂಕತೆ ಇತ್ತೇ? ಮರದ ತುಂಡಿನ ತಗಡುಗಳಲ್ಲಿ ಮುಖಗಳು ಕಾಣುತ್ತವೆ, ಆದರೆ ಯಾರೆಂದು ತಿಳಿಯುತ್ತಿಲ್ಲ.


ಉತ್ತರ: ಹಳೆಯ ಕಂಪೋಸಿಟರ್, ಚೌಕಿಪೇಟೆ

ಅಜಾಗರೂಕತೆ ಅಲ್ಲ ತಂಗಿ. ನಾಲ್ಕು ಪುಟದ ಪತ್ರಿಕೆ ಎಂದರೆ ಒಂದೇ ಹಾಳೆ. ಒಂದು ಬದಿಗೆ ಒಂದು ಮತ್ತು ನಾಲ್ಕನೇ ಪುಟ, ಇನ್ನೊಂದು ಬದಿಗೆ ಎರಡು ಮತ್ತು ಮೂರು. ಒಳಗಿನ ಬದಿಯನ್ನು ಸಂಜೆಯೊಳಗೆ ಅಚ್ಚು ಹಾಕಿ ಒಣಗಲು ಇಡುತ್ತಿದ್ದೆವು. ಹೊರಗಿನ ಬದಿ ರಾತ್ರಿ ಸುದ್ದಿ ಬಂದ ಮೇಲೆ. ಆ ಮಹನೀಯರು ರಾತ್ರಿ ತೀರಿಕೊಂಡಿದ್ದಾರೆ. ಮೂರನೇ ಪುಟ ಆಗಲೇ ಅಚ್ಚಾಗಿ ಮೂಲೆಯಲ್ಲಿ ಕೂತಿತ್ತು. ಹಾಳೆ ಸುಟ್ಟು ಹೊಸದಾಗಿ ಹಾಕುವಷ್ಟು ಕಾಗದ ಯಾರ ಹತ್ತಿರವೂ ಇರಲಿಲ್ಲ. ಆದ್ದರಿಂದ ತಾಜಾ ಸುದ್ದಿ ಬೇಕಾದರೆ ಒಂದು ಮತ್ತು ನಾಲ್ಕು ಓದಿ, ಎರಡು ಮತ್ತು ಮೂರನ್ನು ಹಿಂದಿನ ದಿನದ್ದು ಎಂದು ತಿಳಿಯಿರಿ. ತಾರೀಖುಗಳನ್ನು ಪುಸ್ತಕಕ್ಕೆ ಹಾಕುವಾಗ ಈ ಒಂದು ದಿನದ ವ್ಯತ್ಯಾಸ ನೆನಪಿರಲಿ.

ಅಳತೆ ದೊಡ್ಡದಾದದ್ದು ಯಂತ್ರದಿಂದಲೇ. ಟ್ರೆಡಲ್‌ನಲ್ಲಿ ಒಂದು ಸಲಕ್ಕೆ ಒಂದು ಸಣ್ಣ ಪುಟ; ನಾಲ್ಕು ಪುಟಕ್ಕೆ ಪ್ರತಿ ಹಾಳೆಯೂ ನಾಲ್ಕು ಸಲ ಕೈಯಿಂದ ಯಂತ್ರಕ್ಕೆ ಹೋಗಿ ಬರಬೇಕು. ವಾರಪತ್ರಿಕೆಗೆ ಅದು ನಡೆಯುತ್ತದೆ, ದಿನಪತ್ರಿಕೆಗೆ ನಡೆಯುವುದಿಲ್ಲ. ಸಿಲಿಂಡರ್ ಯಂತ್ರದಲ್ಲಿ ಎರಡು ದೊಡ್ಡ ಪುಟ ಒಟ್ಟಿಗೆ ಬೀಳುತ್ತವೆ. ಅಂದರೆ ನಿಮ್ಮ ದೊಡ್ಡಪ್ಪ ದಿನಪತ್ರಿಕೆಗೆ ಘೋಷಣೆ ಕೊಡುವ ಹೊತ್ತಿಗೆ ಸಿಲಿಂಡರ್ ಕೊಂಡು ಮನೆಯಲ್ಲೇ ಕೂರಿಸಿರಬೇಕು. ಅದು ಸಣ್ಣ ಹಣದ ಮಾತಲ್ಲ. ಯಾವ ಬ್ಯಾಂಕು, ಯಾವ ಸೊಸೈಟಿ, ಯಾರ ಜಾಮೀನು ಎಂದು ಹುಡುಕಿ. ಮನೆಯ ಪತ್ರದ ಮೇಲೆ ಅಡಮಾನದ ನೋಂದಣಿ ಇದ್ದರೆ ಉಪ ನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ಸಿಗುತ್ತದೆ. ಹಳೆಯ ಮನೆಯ ನೆಲದಲ್ಲಿ ಒಂದು ಕೋಣೆಗೆ ಮಾತ್ರ ಕಲ್ಲಿನ ಹಾಸು ದಪ್ಪವಿದ್ದು, ಬೋಲ್ಟಿನ ತೂತುಗಳಿದ್ದರೆ ಯಂತ್ರ ಇದ್ದದ್ದು ಅಲ್ಲೇ. ಮನೆ ಮಾರುವ ಮೊದಲು ಫೋಟೊ ತೆಗೆದುಕೊಳ್ಳಿ.

ತಗಡುಗಳು ಫೋಟೊ ಅಚ್ಚು ಹಾಕುವ ಸತುವಿನ ಬ್ಲಾಕುಗಳು. ಇವನ್ನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮಾಡಿಸಿ ಬಸ್ಸಿನಲ್ಲಿ ತರಿಸಬೇಕಿತ್ತು. ಖರ್ಚಿನ ಬಾಬತ್ತಾದ್ದರಿಂದ ಊರಿನ ಗಣ್ಯರ ಮುಖಗಳನ್ನು ಎಸೆಯದೆ ಇಟ್ಟುಕೊಳ್ಳುತ್ತಿದ್ದೆವು, ಒಂದೇ ಮುಖ ಸನ್ಮಾನಕ್ಕೂ ಶ್ರದ್ಧಾಂಜಲಿಗೂ ಬರುತ್ತಿತ್ತು. ಚಿತ್ರ ತಿರುಗುಮುರುಗಾಗಿ ಇರುತ್ತದೆ, ಅದಕ್ಕೇ ಗುರುತು ಸಿಗುತ್ತಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಎಡಬಲ ತಿರುಗಿಸಿ, ಕಪ್ಪು ಬಿಳುಪನ್ನೂ ಅದಲುಬದಲು ಮಾಡಿ ನೋಡಿ. ಮರದ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಹೆಸರು ಬರೆದಿರುವ ರೂಢಿಯೂ ಇತ್ತು, ಸೀಮೆಎಣ್ಣೆ ಹಾಕಿ ಒರೆಸಬೇಡಿ, ಒಣ ಬಟ್ಟೆ ಸಾಕು. ಫೋಟೊಗಳನ್ನು ಇಲ್ಲಿ ಹಾಕಿ. ನನಗೆ ಗೊತ್ತಾಗದ ಮುಖಗಳನ್ನು ಮಂಡಿಪೇಟೆಯ ವರ್ತಕರು ಹೇಳುತ್ತಾರೆ. ಜಾಹೀರಾತಿಗೆ ಅವರ ಅಂಗಡಿಗೆ ಬಂದವರೂ ಅದರಲ್ಲಿ ಇದ್ದೇ ಇರುತ್ತಾರೆ.